ಅಪ್ಪಿಯಕ್ಕ ಮಾರ್ಕು ವಾಪಸು ಕೊಟ್ಟದ್ದು

ಮುಂಬಯಿಯ ಮುಲುಂಡಿನ ಹೌಸಿಂಗ್ ಸೊಸೈಟಿಯೊಂದರ ವಾರ್ಷಿಕ ಸಭೆಯಲ್ಲಿ ಅಪ್ಪಿಯಕ್ಕ ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ. ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂದು ಲೆಕ್ಕ ಮಾಡುವವರು ಯಾರು? ಸೆಕ್ರೆಟರಿ ನಕ್ಕ. "ಆಂಟಿ, ಅದು ಕೆಮಿಸ್ಟ್ರಿ. ನಿಮಗೆ ತಿಳಿಯೋದಿಲ್ಲ, ಬಿಡಿ," ಎಂದು ಪಾರ್ಕಿಂಗ್ ವಿಷಯಕ್ಕೆ ಹೋದ. ಜೊತೆಗೆ ಇನ್ನೂ ಕೆಲವರು ನಕ್ಕರು. ಅಪ್ಪಿಯಕ್ಕ ಕುಳಿತುಕೊಂಡರು.

ಮನೆಗೆ ಬಂದು ಗಂಡ ಚೆನ್ನಯರಿಗೆ ಊಟ ಬಡಿಸುತ್ತ ಸೆಕ್ರೆಟರಿ ನಕ್ಕದ್ದನ್ನು ಹೇಳಿ, "ನಾನು ಕಾಲೇಜಿಗೆ ಸೇರ್ತೇನೆ," ಎಂದರು.

"ಎಂತ ಕಾಲೇಜು?"

"ಬಿಎಸ್ಸಿ. ಬಿಟ್ಟಲ್ಲಿಂದ."

ಚೆನ್ನಯರು ತುತ್ತನ್ನು ಕೈಯಲ್ಲೇ ಹಿಡಿದು ನೋಡಿದರು. ಫೋರ್ಟ್ ಪ್ರದೇಶದಲ್ಲಿ ಹೋಟೆಲು ನಡೆಸುವ ಅವರಿಗೆ ಗಿರಾಕಿಗಳ ಸಿಟ್ಟು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಚೆನ್ನಾಗಿ ಗೊತ್ತು. ಹೆಂಡತಿಯದೂ ಇಳಿದೀತೆಂದುಕೊಂಡು, "ಅವನಿಗೆ ಬುದ್ಧಿ ಕಲಿಸ್ಲಿಕ್ಕೆ ಮೂರು ವರ್ಷ ಕಾಲೇಜಾ ಮಾರಾಯ್ತಿ? ನಾಳೆ ನಾನೇ ಹೋಗಿ ಎರಡು ಬೈದು ಬರ್ತೇನೆ," ಎಂದರು.

"ನೀವು ಬೈದರೆ ನನಗೆ ಕೆಮಿಸ್ಟ್ರಿ ಬರ್ತದಾ?"

ಅಪ್ಪಿಯಕ್ಕನಿಗೆ ಆಗಲೇ ಐವತ್ತು ದಾಟಿತ್ತು. ಹಿರಿಯರದು ಉಡುಪಿಯ ಕಡೆ. ಇವರು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಹನ್ನೆರಡನೆಯ ತರಗತಿ ಸೈನ್ಸಿನಲ್ಲಿ ಪಾಸಾಗಿ ಬಿಎಸ್ಸಿಗೆ ಸೇರಿದ ಮಳೆಗಾಲದಲ್ಲೇ ಚೆನ್ನಯರ ಸಂಬಂಧ ಬಂತು. ಒಳ್ಳೆಯ ಸಂಬಂಧ, ಬೇಡವೆನ್ನಲು ಕಾರಣವಿರಲಿಲ್ಲ. ದೀಪಾವಳಿಯ ಹೊತ್ತಿಗೆ ಪುಸ್ತಕಗಳು ಯಾರದೋ ಮನೆಗೆ ಹೋದವು. ಆಮೇಲೆ ಮಗಳು ನಮಿತಾ, ಅತ್ತೆಯ ಕಾಯಿಲೆ, ಹೋಟೆಲಿನ ಮಸಾಲೆ ಪುಡಿಗಳ ಉಸ್ತುವಾರಿ. ಯಾರೂ ಅವರನ್ನು ಕೆಟ್ಟದಾಗಿ ನಡೆಸಿಕೊಂಡದ್ದಿಲ್ಲ. ಹಾಗೆಂದು ಆ ಕೆಮಿಸ್ಟ್ರಿ ಪುಸ್ತಕವನ್ನು ಅವರು ಮರೆತದ್ದೂ ಇಲ್ಲ.

ಸೆಂಟ್ರಲ್ ರೈಲ್ವೆ ಲೈನಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಡ್ಮಿಷನ್ ಕೌಂಟರಿನಲ್ಲಿದ್ದವನು ತಲೆಯೆತ್ತದೆ, "ಮಗುವಿನ ಹೆಸರು?" ಎಂದು ಕೇಳಿದ. "ಅಪ್ಪಿ," ಎಂದರು. ಇಷ್ಟು ವರ್ಷ ಓದು ಬಿಟ್ಟಿದ್ದಕ್ಕೆ ಕಾರಣ ಹೇಳಿ ಅಫಿಡವಿಟ್ ತನ್ನಿ ಎಂದ. ತಂದುಕೊಟ್ಟರು. ಮೊದಲ ದಿನ ಇವರು ಕ್ಲಾಸಿನೊಳಗೆ ಕಾಲಿಟ್ಟಾಗ ಹೊಸ ಪ್ರೊಫೆಸರ್ ಬಂದರೆಂದು ಹುಡುಗರೆಲ್ಲ ಎದ್ದು ನಿಂತರು. ಅಪ್ಪಿಯಕ್ಕ ನೇರ ಹೋಗಿ ಎರಡನೆಯ ಬೆಂಚಿನಲ್ಲಿ ಕುಳಿತಾಗ ಇಡೀ ಕ್ಲಾಸು ಗೊಳ್ಳೆಂದಿತು. ಅವರೂ ನಕ್ಕರು. ಅಂದಿನಿಂದ ಎಲ್ಲರಿಗೂ ಅವರು ಆಂಟಿ.

ಅದೇ ಬೆಂಚಿನಲ್ಲಿ ಕೂರುತ್ತಿದ್ದವಳು ಶಿವಕುಮಾರಿ. ಕಲಬುರಗಿ ಕಡೆಯವಳು, ಅಪ್ಪ ಬಿಲ್ಡಿಂಗುಗಳಿಗೆ ಪ್ಲಾಸ್ಟರ್ ಮಾಡುವವನು. ಇಬ್ಬರಿಗೂ ಕನ್ನಡ ಬರುತ್ತದೆಂದು ತಿಳಿಯಲು ಒಂದು ವಾರವೇ ಹಿಡಿಯಿತು. ತಿಳಿದ ಮೇಲೂ ಹುಡುಗಿ ಅಷ್ಟೇನೂ ಹತ್ತಿರ ಬರಲಿಲ್ಲ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಹೊಸದು.

ಕೆಮಿಸ್ಟ್ರಿ ಕಲಿಸುತ್ತಿದ್ದ ಶಶಿಕಾಂತ ಸರ್ ಮೂವತ್ತರ ಆಸುಪಾಸಿನ ಮರಾಠಿ ಯುವಕ. ಪ್ರತಿ ವಾರ ಒಂದು ಹಾಳೆಯ ತುಂಬ ಲೆಕ್ಕಗಳನ್ನು ಮನೆಗೆ ಕೊಡುತ್ತಿದ್ದರು. ಊಟದ ಮೇಜಿನ ಮೇಲೆ ಆ ಹಾಳೆ ಹರಡಿಕೊಂಡು ಅಪ್ಪಿಯಕ್ಕ ಪಡುತ್ತಿದ್ದ ಪಾಡು ನೋಡುವಂತಿರಲಿಲ್ಲ. ಲಾಗರಿದಮ್ ಪೂರ್ತಿ ಮರೆತುಹೋಗಿತ್ತು. ಮೋಲ್ ಎಂದರೇನೆಂದು ಗೊತ್ತಿತ್ತು, ಆದರೆ ಲೆಕ್ಕದ ಯಾವ ಹೆಜ್ಜೆಯಲ್ಲಿ ಅದನ್ನು ಭಾಗಿಸಬೇಕೆಂಬುದು ಕೈಕೊಡುತ್ತಿತ್ತು. ಒಂದೇ ಲೆಕ್ಕ ಮೂರು ಸಲ ಮಾಡಿದರೆ ಮೂರು ಉತ್ತರ ಬರುತ್ತಿತ್ತು.

ಬ್ಯಾಂಕಿನಿಂದ ಬಂದ ನಮಿತಾ ನೋಡಿ ನೋಡಿ ಸಾಕಾಗಿ ಹೇಳಿದಳು, "ಅಮ್ಮಾ, ಫೋಟೋ ತೆಗೆದು ಫೋನಲ್ಲಿ ಹಾಕು ನಾ. ಆನ್ಸರ್ ಬರ್ತದೆ. ಕ್ಲಾಸಲ್ಲಿ ಸಬ್ ಲೋಗ್ ಅದೇ ಮಾಡೋದು."

"ಮಾಡ್ಲಿ. ನಾನು ಫೋನನ್ನು ಪಾಸು ಮಾಡಿಸ್ಲಿಕ್ಕೆ ಸೇರಿದ್ದಲ್ಲ."

ಗಣೇಶ ಚತುರ್ಥಿಯ ರಜೆ ಮುಗಿದ ಮೇಲೆ ಹಾಳೆಗಳು ವಾಪಸು ಬಂದವು. ಅಪ್ಪಿಯಕ್ಕನ ಹಾಳೆಯ ಮೇಲೆ ಹತ್ತಕ್ಕೆ ಹತ್ತು, ಪಕ್ಕದಲ್ಲಿ 'ಎಕ್ಸಲೆಂಟ್, ಆಂಟಿಜಿ'. ಅವರ ಮುಖ ಅರಳಿತು. ಆ ಖುಷಿ ಶಿವಕುಮಾರಿ ತನ್ನ ಹಾಳೆಯನ್ನು ಅದರ ಪಕ್ಕದಲ್ಲಿ ತಂದಿಡುವವರೆಗೆ ಮಾತ್ರ.

"ಆಂಟಿ, ಈ ಐದನೇ ಲೆಕ್ಕ ನೋಡ್ರಿ. ನಂದೂ ಎಂಟು, ನಿಮ್ದೂ ಎಂಟು. ನನಗ ಕೆಂಪು ಗೀಟು, ನಿಮಗ ರೈಟು. ಇದ್ಯಾವ ನ್ಯಾಯರೀ?"

ಐದನೆಯ ಲೆಕ್ಕ ಪಿಎಚ್‌ನದು. ಪಿಎಚ್ ಎಂಬುದು ದ್ರಾವಣದ ಹುಳಿಯನ್ನು ಅಳೆಯುವ ಸಂಖ್ಯೆ: ಏಳಕ್ಕಿಂತ ಕಡಿಮೆಯಾದರೆ ಆಸಿಡ್, ಏಳನ್ನು ದಾಟಿದರೆ ಕ್ಷಾರ, ಶುದ್ಧ ನೀರು ಸರಿಯಾಗಿ ಏಳು. ಲೆಕ್ಕದಲ್ಲಿ ಆಸಿಡಿಗೆ ನೀರು ಬೆರೆಸಿ ಬೆರೆಸಿ ಇನ್ನಿಲ್ಲದಷ್ಟು ತೆಳು ಮಾಡಿದ್ದರು. ಅದರ ಪಿಎಚ್ ಎಷ್ಟು? ಇಬ್ಬರೂ ಸೂತ್ರದಲ್ಲಿ ಅಂಕಿ ತುಂಬಿಸಿ ಎಂಟು ಎಂದು ಬರೆದಿದ್ದರು.

ಅಪ್ಪಿಯಕ್ಕ ಎರಡೂ ಹಾಳೆಗಳನ್ನು ದಿಟ್ಟಿಸಿದರು. ಎಂಟು ಎಂದರೆ ಕ್ಷಾರ. ನೀರಿಗೆ ಆಸಿಡ್ ಬೆರೆಸಿದರೆ ಅದು ಕ್ಷಾರವಾಗುವುದು ಹೇಗೆ? ಉತ್ತರ ತಪ್ಪೇ ಸರಿ. ಹುಡುಗಿಯ ಕೆಂಪು ಗೀಟು ಸರಿಯಾಗಿತ್ತು. ಸುಳ್ಳು ಇದ್ದದ್ದು ತಮ್ಮ ಹಾಳೆಯ ಮೇಲೆ.

"ಬಾ," ಎಂದರು.

"ಎಲ್ಲಿಗ್ರಿ?"

"ಸರ್ ಹತ್ರ."

"ನಾ ಒಲ್ಲೆರಿ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗ್ತಾರ."

"ಹಾಗಾದ್ರೆ ಬಾಗಿಲ ಹತ್ರ ನಿಲ್ಲು. ಮಾತಾಡೋದು ನಾನು."

ಸ್ಟಾಫ್ ರೂಮಿನಲ್ಲಿ ಶಶಿಕಾಂತ ಸರ್ ಊಟದ ಡಬ್ಬಿ ಬಿಚ್ಚುತ್ತಿದ್ದರು. ಅಪ್ಪಿಯಕ್ಕ ಹಾಳೆಯನ್ನು ಡಬ್ಬಿಯ ಪಕ್ಕದಲ್ಲಿ ಇಟ್ಟು, ಹಿಂದಿಯಲ್ಲೇ ಕೇಳಿದರು, "ಸರ್, ಇದನ್ನು ನೀವು ಓದಿದ್ದೀರಾ?"

ಸರ್ ನಕ್ಕರು. "ಆಂಟಿಜಿ, ನಿಮ್ಮ ವಯಸ್ಸಲ್ಲಿ ಇಷ್ಟು ಬರೆಯೋದೇ ದೊಡ್ಡದು. ನನ್ನ ತಾಯಿಗೂ ನಿಮ್ಮಷ್ಟೇ ವಯಸ್ಸು. ನಿಮ್ಮನ್ನು ನೋಡಿದರೆ ನನಗೆ ಎಷ್ಟು ಸಂತೋಷ ಆಗುತ್ತೆ ಗೊತ್ತಾ?"

"ಓದಿದ್ದೀರಾ?"

"ಈಗ ಈ ಮಾರ್ಕಿನಿಂದ ಯಾರಿಗೆ ಏನು ನಷ್ಟ, ಹೇಳಿ?"

"ನನಗೆ. ಇದು ತಪ್ಪು ಅಂತ ನೀವು ಹೇಳಲಿಲ್ಲ. ಇದೇ ಎಂಟು ಬರೆದ ಬಾಗಿಲ ಹತ್ರದ ಈ ಹುಡುಗಿಯ ಹಾಳೆ ನೋಡದಿದ್ದರೆ ನಾನು ಸರಿ ಅಂತಲೇ ತಿಳ್ಕೊಂಡು ಹೋಗ್ತಿದ್ದೆ. ಆಸಿಡ್ ಹಾಕಿದ ನೀರು ಕ್ಷಾರ ಆಗ್ತದೆ ಅಂತ ನಂಬ್ಕೊಂಡು ಮನೆಗೆ ಹೋಗ್ತಿದ್ದೆ. ಇವಳಿಗೆ ನೀವು ಪಾಠ ಹೇಳಿದ್ದೀರಿ, ನನಗೆ ಸಮಾಧಾನ ಹೇಳಿದ್ದೀರಿ. ಫೀಸು ಇಬ್ಬರಿಂದಲೂ ತಗೊಂಡಿದ್ದಾರೆ." ಅಪ್ಪಿಯಕ್ಕನ ದನಿ ಏರಿತ್ತು. ಪಕ್ಕದ ಮೇಜಿನ ಫಿಸಿಕ್ಸ್ ಮೇಡಮ್ ಓದುತ್ತಿದ್ದುದನ್ನು ಕೆಳಗಿಟ್ಟರು. "ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ. ಆದರೆ ನಾನು ನಿಮ್ಮ ತಾಯಿ ಅಲ್ಲ, ನಿಮ್ಮ ಸ್ಟೂಡೆಂಟು. ಕೆಂಪು ಪೆನ್ನು ತೆಗೀರಿ."

"ಈಗಲೇನಾ?"

"ಊಟ ಮಾಡಿ. ನಾನು ಕಾಯ್ತೇನೆ."

ಖಾಲಿ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು. ಮುಂದೆ ಕುಳಿತವರನ್ನು ಕಾಯಿಸಿ ಊಟ ಮಾಡುವುದು ಯಾರಿಗಾದರೂ ಕಷ್ಟವೇ. ಸರ್ ಡಬ್ಬಿ ಮುಚ್ಚಿದರು. ಮುಖ ಬಿಗಿದುಕೊಂಡು ಹಾಳೆಯನ್ನು ಸರ್ರನೆ ಎಳೆದು ಓದತೊಡಗಿದರು. ಮೊದಮೊದಲು ಸಿಟ್ಟಿನಿಂದ ಗೀಟು ಹಾಕಿದ ಕೈ ಬರಬರುತ್ತ ನಿಧಾನವಾಯಿತು. ಒಂದು ಕಡೆ ಪೆನ್ನು ನಿಲ್ಲಿಸಿ, "ಇಲ್ಲಿ ದಾರಿ ಸರಿ ಇದೆ, ಗುಣಾಕಾರ ತಪ್ಪಿದೆ," ಎಂದರು. ಕೊನೆಗೆ ಹತ್ತನ್ನು ಹೊಡೆದು ಮೂರು ಎಂದು ಬರೆದರು. ಐದನೆಯ ಲೆಕ್ಕದ ಪಕ್ಕದಲ್ಲಿ, 'ನೀರಿಗೂ ತನ್ನದೇ ಹುಳಿ ಇದೆ, ಅದನ್ನು ಮರೆತಿದ್ದೀರಿ' ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು.

ಹೊರಗೆ ಬಂದಾಗ ಶಿವಕುಮಾರಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಿಂತಿದ್ದಳು. "ಯವ್ವಾ! ಇದ್ದ ಮಾರ್ಕ್ಸ್ ಕಳಕೊಂಡು ನಗಾಕತ್ತೀರಲ್ರಿ!"

ಮನೆಯಲ್ಲಿ ಯಾರೂ ನಗಲಿಲ್ಲ. ಚೆನ್ನಯರಿಗೆ ಲಾಭವನ್ನು ಬೇಡವೆಂದು ಬಿಟ್ಟುಬಂದ ಸಂಗತಿಯೇ ಅರ್ಥವಾಗಲಿಲ್ಲ. "ದೊಡ್ಡವರು ಕೊಟ್ಟದ್ದನ್ನು ತಗೊಳ್ಳೋದು ಮರ್ಯಾದೆ," ಎಂದರು. ನಮಿತಾಗೆ ನಾಚಿಕೆ. "ಪೂರಾ ಸ್ಟಾಫ್ ರೂಮ್ ಮುಂದೆ ಜಗಳ? ಇನ್ನು ಅವರು ನಿನ್ನನ್ನು ಛೋಡ್ತಾರಾ?" ಎಂದು ಕೇಳಿದಳು.

"ಬಿಡೋದು ಬೇಡ. ಸರಿಯಾಗಿ ಹಿಡೀಲಿ."

ಹಾಗೆಯೇ ಆಯಿತು. ಶಶಿಕಾಂತ ಸರ್ ಇವರ ಹಾಳೆಯನ್ನು ಈಗ ಬೇರೆಯವರದಕ್ಕಿಂತ ಹೆಚ್ಚು ಬಿಗಿಯಾಗಿ ನೋಡತೊಡಗಿದರು. ಅಪ್ಪಿಯಕ್ಕ ಮತ್ತು ಶಿವಕುಮಾರಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಐದನೆಯ ಲೆಕ್ಕವನ್ನು ಮತ್ತೆ ಹಿಡಿದರು. ನೀರಿನ ಸ್ವಂತ ಹುಳಿಯನ್ನೂ ಆಸಿಡಿನದನ್ನೂ ಕೂಡಿಸಿದಾಗ ಆರು ಪಾಯಿಂಟ್ ಒಂಬತ್ತಾರು ಬಂತು. ಸರ್ ಅರ್ಧ ಮಾರ್ಕು ಕೊಟ್ಟು, ಸರಿಯಾದದ್ದು ಆರು ಪಾಯಿಂಟ್ ಒಂಬತ್ತೆಂಟು ಎಂದರು.

ಅಪ್ಪಿಯಕ್ಕ ಕ್ಲಾಸಿನಲ್ಲಿ ಎದ್ದು ನಿಂತರು. "ಅದೆಲ್ಲಿಂದ ಬಂತು ಸರ್?"

"ಪರೀಕ್ಷೆಗೆ ಅಷ್ಟು ಬೇಡ. ಕೂತ್ಕೊಳ್ಳಿ."

"ಅರ್ಧ ಮಾರ್ಕು ಕತ್ತರಿಸ್ಲಿಕ್ಕೆ ಬೇಕಾದದ್ದು ಕಲಿಸ್ಲಿಕ್ಕೆ ಬೇಡವಾ?"

ಹಿಂದಿನ ಬೆಂಚಿನಿಂದ ಯಾರೋ ಶಿಳ್ಳೆ ಹೊಡೆದರು. ಸರ್ ಕೈಗಡಿಯಾರ ನೋಡಿದರು, ಬಾಗಿಲು ನೋಡಿದರು, ಇನ್ನೂ ನಿಂತೇ ಇದ್ದ ಅಪ್ಪಿಯಕ್ಕನನ್ನು ನೋಡಿದರು. ಆಮೇಲೆ ಬೋರ್ಡು ಒರೆಸಿದರು. ಆಸಿಡ್ ಸೇರಿದಾಗ ನೀರು ತನ್ನ ಹುಳಿಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಬರೀ ಕೂಡಿಸಿದರೆ ಸಾಲದು ಎಂದು ವಿವರಿಸಿ ಸಮೀಕರಣ ಬರೆದರು. ಅದು ಮೊದಲು ತಲೆಗೆ ಹೊಕ್ಕದ್ದು ಶಿವಕುಮಾರಿಗೆ. ಎರಡು ದಿನ ಕ್ಯಾಂಟೀನಿನಲ್ಲಿ ಅವಳು ಅಪ್ಪಿಯಕ್ಕನಿಗೆ ಬೈದು ಬೈದು ಹೇಳಿಕೊಟ್ಟಳು. "ಮೈನಸ್ ಎಲ್ಲಿ ಬಿಟ್ರಿ? ಅಲ್ಲೇ ಐತಿ ನೋಡ್ರಿ, ಕಣ್ಣ ಮುಂದ!" ಅಪ್ಪಿಯಕ್ಕನಿಗೆ ಆ ಬೈಗುಳ ಬಹಳ ಹಿಡಿಸಿತು.

ಇಷ್ಟರಲ್ಲಿ ಇವರು ಕಾಲೇಜಿಗೆ ಹೋಗುವ ಸುದ್ದಿ ಮುಂಬಯಿಯ ಉಡುಪಿ ಕಡೆಯವರ ಸಂಘಕ್ಕೆ ಮುಟ್ಟಿತ್ತು. ಅಧ್ಯಕ್ಷರು ಚೆನ್ನಯರ ಹೋಟೆಲಿಗೆ ಬಂದು ಕಾಫಿ ಕುಡಿದು, ವಾರ್ಷಿಕೋತ್ಸವದಲ್ಲಿ ಅಪ್ಪಿಯಕ್ಕನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ಹೇಳಿಹೋದರು. ಅವರು ಕೊಟ್ಟುಹೋದ ಆಮಂತ್ರಣದ ಕಾಗದದಲ್ಲಿ 'ಮಹಿಳೆಯರಿಗೆ ಆದರ್ಶ' ಎಂದಿತ್ತು. ಚೆನ್ನಯರು ಹಿಗ್ಗಿ ಮನೆಗೆ ತಂದರು. ಅದೇ ವಾರ ಸೆಮಿಸ್ಟರ್ ಫಲಿತಾಂಶ ಬಂತು. ಶಿವಕುಮಾರಿ ಒಳ್ಳೆಯ ಅಂಕ ತೆಗೆದು ಪಾಸು. ಅಪ್ಪಿಯಕ್ಕನಿಗೆ ಬೇರೆಲ್ಲ ವಿಷಯ ದಾಟಿ ಕೆಮಿಸ್ಟ್ರಿಯಲ್ಲಿ ಕೆಟಿ, ಅಂದರೆ ಆ ಪೇಪರ್ ಮತ್ತೆ ಬರೆಯಬೇಕು.

ಅವರು ಅಂದು ಅತ್ತರು. ಬಚ್ಚಲಮನೆಯ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ. ಮುಖ ತೊಳೆದು ಬಂದು ಅಧ್ಯಕ್ಷರಿಗೆ ಫೋನು ಮಾಡಿದರು.

"ನಾನು ಫೇಲು ಮಾರಾಯ್ರೆ. ಫೇಲಾದವಳಿಗೆ ಶಾಲು ಎಂತಕ್ಕೆ?"

"ಅದನ್ನು ಯಾರು ಕೇಳ್ತಾರೆ ಅಕ್ಕ? ಈ ವಯಸ್ಸಿನಲ್ಲಿ ಕಾಲೇಜು ಮೆಟ್ಟಲು ಹತ್ತಿದ್ದೇ ಸಾಧನೆ ಅಲ್ವಾ?"

"ಮೆಟ್ಟಲು ಹತ್ತಿದ್ದಕ್ಕಾದ್ರೆ ಕಾಲೇಜಿನ ಸಿಪಾಯಿಗೆ ಹೊದಿಸಿ. ಅವ ನನಗಿಂತ ಜಾಸ್ತಿ ಹತ್ತಿದ್ದಾನೆ."

ಆ ಕಡೆಯವರಿಗೆ ಬೇಸರವಾಯಿತು. ಅಪ್ಪಿಯಕ್ಕನಿಗೆ ಸೊಕ್ಕು ಎಂದು ಮಾತಾಯಿತು. ಚೆನ್ನಯರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಭಾನುವಾರ, ಹೋಟೆಲಿಗೆ ರಜೆ. ಅವರು ಎದ್ದು ಬಂದಾಗ ಅಪ್ಪಿಯಕ್ಕ ಬೆಳಗಿನಿಂದಲೇ ಮೇಜಿನ ಮುಂದೆ ಕುಳಿತಿದ್ದರು. ಚಹಾ ಆಗಿರಲಿಲ್ಲ. ಚೆನ್ನಯರು ಸ್ವಲ್ಪ ಹೊತ್ತು ನಿಂತು ನೋಡಿ ಅಡಿಗೆಮನೆಗೆ ಹೋದರು. ಎರಡು ಲೋಟ ತಂದಿಟ್ಟು ಎದುರು ಕುಳಿತು, "ಅದು ಎಂತ, ಆ ನೀರು ಹುಳಿಯನ್ನು ಹಿಂದೆ ತಗೊಳ್ಳೋದು? ನನಗೆ ಒಮ್ಮೆ ಹೇಳು," ಎಂದರು.

ಅಪ್ಪಿಯಕ್ಕ ಹೇಳತೊಡಗಿದರು. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡರು. "ತಡೀರಿ," ಎಂದು ಹಾಳೆ ತಿರುವಿ ಮೊದಲಿನಿಂದ ಶುರುಮಾಡಿದರು. ಚೆನ್ನಯರಿಗೆ ಕೊನೆಗೂ ತಿಳಿಯಲಿಲ್ಲ. ಹೇಳುತ್ತ ಹೇಳುತ್ತ ಅಪ್ಪಿಯಕ್ಕನಿಗೆ ತಾವು ತಪ್ಪುತ್ತಿದ್ದ ಜಾಗ ಮಾತ್ರ ಗೊತ್ತಾಯಿತು.

ಕೆಟಿ ಪರೀಕ್ಷೆಯ ಮುಂಚೆ ಶಶಿಕಾಂತ ಸರ್ ಕಾರಿಡಾರಿನಲ್ಲಿ ಸಿಕ್ಕಿ, ಈ ಸಲ ಆಂಟಿಜಿ ಎನ್ನದೆ ಹೆಸರು ಹಿಡಿದೇ ಕರೆದರು. "ಅಪ್ಪಿ, ಬಫರ್ ಲೆಕ್ಕಗಳಲ್ಲಿ ನೀವಿನ್ನೂ ವೀಕು. ನಾಳೆ ಬಂದು ಕೂತ್ಕೊಳ್ಳಿ." ಮದುವೆಯಾದಾಗಿನಿಂದ ಹೊರಗಿನವರು ಯಾರೂ ಅವರನ್ನು ಬರೀ ಹೆಸರಿಂದ ಕರೆದಿರಲಿಲ್ಲ. ಮರುದಿನ ಹೋಗಿ ಕುಳಿತರು.

ಪರೀಕ್ಷೆಯಲ್ಲಿ ಪಾಸಾದರು, ಅಂಚಿನಲ್ಲಿ. ಫಲಿತಾಂಶ ನೋಡಿದ ಶಿವಕುಮಾರಿ, "ಇಷ್ಟಽ ಏನ್ರಿ ಆಂಟಿ?" ಎಂದು ಮುಖ ಸಣ್ಣ ಮಾಡಿದಳು.

"ಇಷ್ಟೇ. ಪೂರಾ ನನ್ನದು," ಎಂದು ಅಪ್ಪಿಯಕ್ಕ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಹೊಸ ಹಾಳೆಯನ್ನು ಬೆಂಚಿನ ಮೇಲೆ ಬಿಡಿಸಿದರು. ಮೊದಲ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೈ ಎತ್ತಿದರು.