ಪಂದಿಕೊಕ್ಕಿನ ವಂಶಾವಳಿ

ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಪ್ರತಿಯೊಬ್ಬರೂ ಒಂದು ಇಂಗ್ಲಿಷ್ ಪದದ ಮೂಲವನ್ನು ಶೋಧಿಸಿ ತರಗತಿಯಲ್ಲಿ ಮಂಡಿಸಬೇಕಿತ್ತು. ಸಹಪಾಠಿಗಳು ಗ್ರೀಕ್, ಲ್ಯಾಟಿನ್ ಕುಲದ ಪದಗಳನ್ನು ಆರಿಸಿಕೊಂಡರು. ನಾನು ಆರಿಸಿದ್ದು 'ಬ್ಯಾಂಡಿಕೂಟ್', ಎಂದರೆ ಹೆಗ್ಗಣ. ರಾಯಚೂರಿನ ನಮ್ಮ ಹಾಸ್ಟೆಲಿನ ಉಗ್ರಾಣಕ್ಕೆ ಹೆಗ್ಗಣವೊಂದು ಕನ್ನ ಹಾಕಿತ್ತು. ಅದು ಹೊಲಸು ಮಾಡಿದ ಅಕ್ಕಿಯನ್ನೇ ತೊಳೆದು ನಮಗೆ ಅನ್ನ ಬಡಿಸುತ್ತಿದ್ದರು. ನೆಲದ ದುರಸ್ತಿ ಕೋರಿ ನಾನು ಕೊಟ್ಟ ಎರಡು ಅರ್ಜಿಗಳಿಗೂ ಉತ್ತರವಿರಲಿಲ್ಲ. ನಮ್ಮ ವಿಭಾಗದಲ್ಲೇ ಪಾಠ ಮಾಡುವ ವಾರ್ಡನ್ ಮೇಡಂ ಮಂಡನೆಯ ದಿನ ಮುಂದಿನ ಸಾಲಿನಲ್ಲಿ ಕೂರುವವರಿದ್ದರು.

ಪದ ತೆಲುಗಿನದೆಂದು ನಿಘಂಟು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು. ದೇವದುರ್ಗದ ನಮ್ಮ ಮನೆಯಲ್ಲಿ ತೆಲುಗು ಬಲ್ಲವರಿಲ್ಲ. ಮಾನ್ವಿ ಕಡೆಯ, ತೆಲುಗು ಮನೆಮಾತಿನ ಹಾಸ್ಟೆಲಿನ ಅಡುಗೆಯಕ್ಕನನ್ನು ಕೇಳಿದೆ.

"ಪಂದಿಕೊಕ್ಕು ಅಂತೀವಿ. ಪಂದಿ ಅಂದ್ರ ಹಂದಿ, ಕೊಕ್ಕು ಅಂದ್ರ ಇಲಿ."

"ಹಂದಿ ಯಾಕಕ್ಕಾ?"

"ಹಂದಿಗತೆ ಮೂತಿ ಹಚ್ಚಿ ನೆಲ ತೋಡತದ, ಕೆಣಕಿದ್ರ ಗುರ್ ಅಂತದ. ಎಂ.ಎ. ಓದಾಕತ್ತೀಯಲ್ಲ, ಇಷ್ಟೂ ಗೊತ್ತಿಲ್ಲೇನು ಬೇ?"

ಆಕೆಯ ಸಾಕ್ಷ್ಯವನ್ನೇ ಮಂಡಿಸಿದೆ. ಇಂಗ್ಲಿಷರು ಈ ಹೆಸರನ್ನು ಆಸ್ಟ್ರೇಲಿಯಕ್ಕೂ ಒಯ್ದು, ಸಂಬಂಧವೇ ಇಲ್ಲದ ಪ್ರಾಣಿಗೆ ಅಂಟಿಸಿದ್ದನ್ನೂ ವಿವರಿಸಿದೆ. ಕೊನೆಗೆ, "ಪದದ ಹುಟ್ಟೂರು ಹೇಳಿದ್ದೇನೆ. ಪ್ರಾಣಿಯ ಈಗಿನ ವಿಳಾಸ ನಮ್ಮ ಉಗ್ರಾಣ. ಹೊಣೆ ಯಾರದು?" ಎಂದು ಕೇಳಿದೆ. ತರಗತಿ ನಕ್ಕಿತು.

"ಅರ್ಜಿ ಕೊಟ್ಟೀಯೇನು?" ಎಂದರು ಮೇಡಂ.

ಕಚೇರಿಯ ಮುದ್ರೆ ಬಿದ್ದಿದ್ದ ಎರಡೂ ಪ್ರತಿಗಳನ್ನು ಅವರ ಮುಂದಿಟ್ಟೆ. ಓದಿದರು, ಕನ್ನಡಕ ತೆಗೆದು ಒರೆಸಿದರು. "ನಾಳೆ ಗೌಂಡಿ ಬರ್ತಾನ. ಈಗಾದ್ರೂ ಕೂಡ್ತೀಯೇನು?"

ಮರುದಿನ ಬಂದ ಗೌಂಡಿ ಸಿಮೆಂಟಿನಲ್ಲಿ ಗಾಜಿನ ಚೂರು ಕಲಸಿಟ್ಟು, ಬಿಲ ಮುಚ್ಚದೆ ಸುಮ್ಮನೆ ಕುಳಿತ. "ಇದಕ್ಕ ಇನ್ನೊಂದು ಬಾಯಿ ಇರತದ್ರಿ. ಅದು ಸಿಗೋತನಕ ಇದನ್ನ ಮುಚ್ಚಿ ಉಪಯೋಗಿಲ್ಲ."

ಹುಡುಕುತ್ತ ಹೋದಾಗ ಅದು ಸಿಕ್ಕಿದ್ದು ಗೋಡೆಯಾಚೆ, ವಾರ್ಡನ್ ಕಚೇರಿಯ ಬೀರುವಿನ ಹಿಂದೆ. ಮೇಡಂ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು.

"ಮೊದಲ ಇದನ್ನ ಮುಚ್ಚಪ್ಪಾ."

"ಅರ್ಜಿ ಪ್ರಕಾರ ಉಗ್ರಾಣ ಮೊದಲ್ರಿ ಮೇಡಂ," ಎಂದೆ.

ಗೌಂಡಿ ಇಬ್ಬರ ಮುಖವನ್ನೂ ನೋಡಿದ. ಮೇಡಂ ಕಾಲು ಇಳಿಸಲಿಲ್ಲ. ಆದರೆ ಉಗ್ರಾಣದ ಕಡೆಗೆ ಕೈ ತೋರಿಸಿದರು.