ಉಪ್ಪು ತುಂಬಿದ ಗುಂಡಿ

ನನಗೆ ಸೊಟ್ಟ ಕಂಡರೆ ಆಗುವುದಿಲ್ಲ. ಕಂಬ ಒಂದಿಷ್ಟು ವಾಲಿದರೂ ಕಿತ್ತು ಮತ್ತೆ ನೆಡಿಸುತ್ತಿದ್ದೆ. ಗ್ಯಾಂಗಿನವರು ನನ್ನ ಬೆನ್ನ ಹಿಂದೆ ‘ಓಳಂಬಾ ಸಾಹೇಬ’ ಅನ್ನುತ್ತಿದ್ದರು; ಓಳಂಬಾ ಅಂದರೆ ಗೋಡೆ ನೆಟ್ಟಗಿದೆಯೋ ಎಂದು ಗೌಂಡಿಗಳು ಇಳಿಬಿಟ್ಟು ನೋಡುವ ಗುಂಡು. ಅಂಥ ನಾನು ಉಮರ್ಗಾದ ಸಬ್‌ಸ್ಟೇಶನ್ನಿಗೆ ನನ್ನ ಕೈಯಾರೆ ಸೊಟ್ಟ ಬೇಲಿ ಹಾಕಿಸಿದೆ. ನೆನೆದರೆ ಈಗಲೂ ನಗು ಬರುತ್ತದೆ.

ನಿಜಾಮನ ಕಾಲ ಮುಗಿದು ನಾವು ಮುಂಬೈ ರಾಜ್ಯದವರಾಗಿದ್ದೆವು. ದಾಳಿಂಬದ ದಾರಿಯ ಪಕ್ಕ ಒಂದು ಜೋಳದ ಹೊಲವನ್ನು ಸರಕಾರ ತೆಗೆದುಕೊಂಡಿತ್ತು. ನಾನು ನಿಲಂಗಾ ಕಡೆಯ ಹುಡುಗ, ಹೊಸದಾಗಿ ಸೂಪರ್ವೈಜರ್ ಆದವನು. ಕಂಬ ಎತ್ತುವಾಗ ಗ್ಯಾಂಗಿನವರ ಕೂಗಿನಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಬೆರೆತಿರುತ್ತಿದ್ದವು. ಮಧ್ಯಾಹ್ನ ಬೇವಿನ ನೆರಳಲ್ಲಿ ಒಣಗಿದ ಕಟಿರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ. ಮುಂದೆ ದೊಡ್ಡ ಕುರ್ಚಿ ಸಿಕ್ಕಿತು, ಆ ಊಟ ಸಿಗಲಿಲ್ಲ.

ಹೊಲದ ಒಡತಿ ಒಬ್ಬ ಮುದುಕಿ. ಅಜ್ಜಿಯರನ್ನು ಕರೆಯುವಂತೆ ಆಕೆಯನ್ನೂ ನಾವು ಆಯಿ ಅನ್ನುತ್ತಿದ್ದೆವು. ಹೊಲದ ಮೂಲೆಯಲ್ಲಿ ಆಕೆಯ ಗಂಡನ ಗದ್ದುಗೆ, ಅಂದರೆ ಸಮಾಧಿಯ ಕಟ್ಟೆ, ಇತ್ತು. ದಿನಾ ಬೆಳಿಗ್ಗೆ ತಂಬಿಗೆ ತಂದು ಅದಕ್ಕೆ ನೀರೆರೆದು, ವಿಭೂತಿ ಹಚ್ಚಿ ಹೋಗುವಳು. ನಾನು ಬೇಲಿಗೆ ಸುಣ್ಣದ ಗೆರೆ ಹಾಕಿಸಿದ ದಿನ ಗೆರೆಯ ಪಕ್ಕದಲ್ಲೇ ಕೂತುಬಿಟ್ಟಳು.

“ತಮ್ಮಾ, ತಂತಿ ಹಾಕಿದ ಮ್ಯಾಲ ನಾ ಒಳಗ ಹೆಂಗ ಬರಲಿ?”

“ಬರಲಾಕ ಆಗಲ್ಲ ಆಯಿ. ಒಳಗ ಕರೆಂಟ್ ಇರ್ತದ. ಹೊರಗಿನವರನ್ನ ಬಿಡೂದಿಲ್ಲ.”

“ಅವರು ಒಳಗ, ನಾ ಹೊರಗ?”

ನಕಾಶೆ ದೊಡ್ಡ ಸಾಹೇಬರು ಒಪ್ಪಿದ್ದು. ಗೆರೆ ನೆಟ್ಟಗೆ ಗದ್ದುಗೆಯ ಆಚೆಗೇ ಹೋಗುತ್ತಿತ್ತು. ಆಯಿಯನ್ನು ಗದರಿಸಲೂ ಆಗದೆ, ಸಿಟ್ಟನ್ನೆಲ್ಲ ಗ್ಯಾಂಗಿನ ಮೇಲೆ ತೀರಿಸಿಕೊಂಡೆ.

ಅದೇ ವಾರ ಆ ಮೂಲೆಯಲ್ಲಿ ಅರ್ಥಿಂಗ್ ಗುಂಡಿ ತೋಡಿಸಿದೆವು. ಚೌಕನೆಯ ಗುಂಡಿ, ಪಕ್ಕದಲ್ಲಿ ಉಪ್ಪಿನ ಚೀಲಗಳು, ಇದ್ದಿಲು. ಆಯಿ ದೂರದಿಂದ ಕಂಡವಳೇ ತಲೆತುಂಬ ಸೆರಗು ಹೊದ್ದು, ಉಡಿಯಲ್ಲಿ ಬಿಲ್ವಪತ್ರಿ ತುಂಬಿಕೊಂಡು ಓಡೋಡಿ ಬಂದಳು. ಗ್ಯಾಂಗಿನವರ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಯಪ್ಪಾ, ಯಾರು ಲಿಂಗೈಕ್ಯ ಆದ್ರು? ನನಗ ಯಾರೂ ಹೇಳೇ ಇಲ್ಲಲ್ಲೋ!”

ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಗುಂಡಿಯಲ್ಲಿ ಕೂರಿಸಿ, ಉಪ್ಪು, ವಿಭೂತಿ, ಪತ್ರಿ ತುಂಬಿಯೇ ಮಣ್ಣು ಕೊಡುವುದು. ಆಕೆಗೆ ಬೇರೇನು ತೋಚಬೇಕು?

“ಯಾರೂ ಸತ್ತಿಲ್ಲ ಆಯಿ. ಕರೆಂಟ್ ದಾರಿ ತಪ್ಪಿ ಮಶೀನಿನ ಮೈಗೆ ಬಂತಂದ್ರ, ಇದರಾಗ ಇಳದು ಮಣ್ಣು ಸೇರ್ತದ. ಮುಟ್ಟಿದ ಮನಷ್ಯಾ ಉಳೀತಾನ. ಉಪ್ಪು ಹಸಿ ಹಿಡಿತದ. ಬ್ಯಾಸಗ್ಯಾಗ ದಿನಾ ನೀರು ಹಾಕಬೇಕು.”

ಆಯಿ ಗುಂಡಿಯನ್ನೇ ನೋಡುತ್ತ ನಿಂತಳು. “ದಿನಾ ಯಾರು ಹಾಕ್ತಾರ?” ಅಂದಳು.

ಆ ಪ್ರಶ್ನೆಗೆ ನನ್ನ ತಲೆ ಓಡಿತು. ಮರುದಿನ ಬೇಲಿಯ ಗೆರೆಯನ್ನು ಆ ಮೂಲೆಯಲ್ಲಿ ಒಳಕ್ಕೆ ಬಗ್ಗಿಸಿದೆ. ಗುಂಡಿಯೂ ಗದ್ದುಗೆಯೂ ಬೇಲಿಯ ಹೊರಗೆ ಉಳಿದವು. ಗುಂಡಿ ತುಂಬಿಸಿ ಮೇಲೆ ಸಣ್ಣ ಕಟ್ಟೆ ಕಟ್ಟಿಸಿದೆ. ನೀರು ಹಾಕುವ ಕೆಲಸ ಆಯಿಯದು. ಗುಂಡಿಗೆ ದಿನಾ ನೀರು ಬೇಕು ಅನ್ನುವ ಕಾರಣ ಅರ್ಧ ನಿಜ, ಅರ್ಧ ನೆಪ. ದೊಡ್ಡ ಸಾಹೇಬರು ಒಪ್ಪದಿದ್ದರೆ ಬೇಲಿ ಕಿತ್ತು ನೆಟ್ಟಗೆ ಮಾಡಬೇಕು. ಗದ್ದುಗೆ ಒಳಗೆ ಸೇರಿ, ಆಯಿ ಹೊರಗೇ ಉಳಿಯಬೇಕು.

ಸಾಹೇಬರು ತಪಾಸಣೆಗೆ ಬಂದರು. ಮರಾಠಿಯವರು, ಮಾತು ಕಡಿಮೆ. ಸೊಟ್ಟ ಬೇಲಿ ಕಂಡು ಹುಬ್ಬು ಗಂಟಿಕ್ಕಿ ನೇರ ಆ ಮೂಲೆಗೇ ನಡೆದರು. ನಾನು ಅವರ ಹಿಂದೆಯೇ ಹೆಜ್ಜೆ ಹಾಕಿದೆ. ಅಲ್ಲಿ ಅಕ್ಕಪಕ್ಕ ಎರಡು ಕಟ್ಟೆ. ಆಯಿ ಎರಡಕ್ಕೂ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದ್ದಳು. ಸಾಹೇಬರು ಹ್ಯಾಟು ತೆಗೆದು ಒಂದರ ಮುಂದೆ ತಲೆ ಬಾಗಿಸಿದರು.

“ಸಾಹೇಬ್ರೇ, ಅದು ನಿಮ್ಮದು ಅದರೀ,” ಆಯಿ ಮೆಲ್ಲಗೆ ಅಂದಳು. “ನಮ್ಮವರು ಈ ಬಾಜೂಕ ಕುಂತಾರ.”

ಕನ್ನಡ ಅವರಿಗೆ ಎಷ್ಟು ತಿಳಿಯಿತೋ, ಆಕೆಯ ಬೆರಳು ತೋರಿಸಿದ್ದು ತಿಳಿಯಿತು. ಕಟ್ಟೆಯಿಂದ ಮೇಲೆ ಬಂದ ಅರ್ಥಿಂಗ್ ಪೈಪನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಬೂಟು ಬಿಚ್ಚಿ, ಪಕ್ಕದ ಗದ್ದುಗೆಗೆ ಕೈಮುಗಿದು, “ಕುಂಪಣ ಅಸೂ ದೇ” ಅಂದರು. ಬೇಲಿ ಹೀಗೇ ಇರಲಿ ಅಂತ. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ಮಹಾರಾಷ್ಟ್ರವಾಗುವ ಹೊತ್ತಿಗೆ ನನಗೆ ಉದಗೀರಕ್ಕೆ ವರ್ಗವಾಯಿತು. ಹೊರಡುವ ದಿನ ಆಯಿ ಸಜ್ಜೆರೊಟ್ಟಿಯ ಗಂಟು ಕೈಗಿಟ್ಟು ಕೇಳಿದಳು:

“ತಮ್ಮಾ, ಆ ಉಪ್ಪು ಉಳದದೇನು?”

“ಒಂದು ಚೀಲ ಅದ ಆಯಿ. ಯಾಕ?”

“ಇರಲಿ, ಯಾರಿಗೂ ಕೊಡಬ್ಯಾಡ. ಅವೆರಡರ ನಡುವ ಒಬ್ಬರಿಗೆ ಜಾಗ ಅದ.”

ಉದಗೀರದಲ್ಲಿ ಹೊಸ ಕೆಲಸ ಅರ್ಧಕ್ಕೆ ಬಂದಿದ್ದಾಗ ಉಮರ್ಗಾದ ಲೈನ್‌ಮನ್ ಒಬ್ಬ ಸಾಮಾನು ಒಯ್ಯಲು ಬಂದ. ಚಹಾ ಕುಡಿದ ಮೇಲೆ, ಆಯಿ ಹೋದಳು ಅಂದ. ಅಲ್ಲೇ ಕೂರಿಸಿದರಂತೆ, ಉಪ್ಪು ಸ್ಟೋರಿನದೇ ಅಂತೆ. ನಾನು, ಅರ್ಥಿಂಗ್ ಗುಂಡಿಗೆ ಈಗ ನೀರು ಯಾರು ಹಾಕುತ್ತಾರೆ ಎಂದು ಕೇಳಿದೆ.

“ನಾವೇ ಹಾಕ್ತೀವ್ರಿ ಸಾಹೇಬ್ರೇ,” ಅಂದ. “ಮೂರಕ್ಕೂ.”