ಫೋನ್ ಮಾಡದ ಪೆಟ್ಟಿಗೆ

ಮಧುಗಿರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಕ್ಯಾಮೆರಾ, ಯುಪಿಎಸ್, ಮನೆಗೆ ಕಳ್ಳ ನುಗ್ಗಿದರೆ ಕೂಗುವ ಅಲಾರಂ, ಇವನ್ನೆಲ್ಲ ಕೂರಿಸಿಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಟೆಲಿಫೋನ್ ಲೈನ್‌ಮನ್ ಆಗಿದ್ದೆ. ಜನ ಒಬ್ಬೊಬ್ಬರಾಗಿ ಮನೆಯ ಫೋನ್ ತೆಗೆಸುತ್ತ ಬಂದಾಗ, ನಾನೇ ಎಳೆದಿದ್ದ ತಂತಿಗಳನ್ನು ನಾನೇ ಸುತ್ತಿಕೊಂಡು ಬರಬೇಕಾಯಿತು. ಆಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು ಈ ಕೆಲಸ ಹಿಡಿದೆ. ಶಿರಾದ ಚಿನ್ನದಂಗಡಿಗಳು, ಕೊರಟಗೆರೆಯ ಒಂದೆರಡು ಅಡಿಕೆ ಮಂಡಿಗಳು, ಮನೆಗೆ ಬೀಗ ಹಾಕಿ ಪರವೂರಿಗೆ ಹೋಗುವ ನೌಕರರು, ಇವರೇ ನನ್ನ ಗಿರಾಕಿಗಳು. ಎಲ್ಲರೂ ಕೇಳುವುದು ಒಂದೇ, ಹೊರಗಿನವರು ಒಳಗೆ ಬರಬಾರದು. ಒಳಗಿರುವವರು ಹೊರಗೆ ಹೋದರೆ ತನಗೆ ತಿಳಿಯಬೇಕು ಅಂತ ಕೇಳಿಕೊಂಡು ಬಂದವರು ಇಷ್ಟು ವರ್ಷದಲ್ಲಿ ಒಬ್ಬರೇ.

ಆಕೆ ಪಾವಗಡ ತಾಲ್ಲೂಕಿನವರು, ಕ್ಯಾತಗಾನಚೆರ್ಲಿನಿಂದ ಇನ್ನೂ ಆಚೆಗಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಐವತ್ತರ ಆಸುಪಾಸು. ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ನೇರವಾಗಿ ಅಂಗಡಿಗೆ ಬಂದವರು, ನಾನು ಎಳೆದು ಹಾಕಿದ ಸ್ಟೂಲಿನ ಮೇಲೆ ಕೂರಲೂ ಇಲ್ಲ.

"ಅಣ್ಣಾ, ಬಾಗ್ಲು ತೆಗುದ್ರೆ ಫೋನ್ ಬರೋ ಮಿಷಿನ್ ಐತಂತಲ್ಲ, ಅದು ನಿಮ್ಮತ್ರ ಸಿಗ್ತೈತಾ?"

"ಸಿಗುತ್ತೆ ಟೀಚರ್. ಕಳ್ಳತನ ಏನಾದ್ರೂ ಆಯ್ತಾ?"

"ಕಳ್ಳರಿಗಲ್ಲ ಅಣ್ಣಾ. ನಮ್ಮ ಯಜಮಾನ್ರಿಗೆ."

ಅವರ ಯಜಮಾನರು ಬಸ್ ಡ್ರೈವರ್ ಆಗಿದ್ದವರು. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಪಾವಗಡದ ಸುತ್ತಮುತ್ತಲೇ ಓಡಿಸಿದವರು. ಐವತ್ತಾರು ತುಂಬುವ ಮೊದಲೇ ಮರೆವು ಶುರುವಾಯಿತು. ಒಂದು ದಿನ ಶಿರಾ ಕಡೆಗೆ ಹೋಗಬೇಕಾದ ಬಸ್ಸನ್ನು ಮಧುಗಿರಿ ರಸ್ತೆಗೆ ತಿರುಗಿಸಿದರು. ಜನ ಕೂಗಿಕೊಂಡಾಗ ಬಸ್ಸು ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟರಂತೆ. ಅವತ್ತಿಗೆ ಕೆಲಸ ಮುಗಿಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯವರು ತಲೆಯ ಫೋಟೋ ತೆಗೆದು, ಇದು ವಾಸಿಯಾಗುವ ಕಾಯಿಲೆ ಅಲ್ಲ ಅಂದರು. ಇದ್ದೊಬ್ಬ ಮಗಳನ್ನು ಆಂಧ್ರಕ್ಕೆ ಕೊಟ್ಟಿದ್ದರು. ಟೀಚರು ಬೆಳಿಗ್ಗೆ ಅಂಗನವಾಡಿಗೆ ಹೋದರೆ ಬರುವುದು ಸಂಜೆ ನಾಲ್ಕಕ್ಕೆ. ಮಧ್ಯಾಹ್ನ ಓಡೋಡಿ ಬಂದು ಊಟ ಬಡಿಸಿ ಹೋಗುವುದು ಬಿಟ್ಟರೆ ಅಷ್ಟು ಹೊತ್ತೂ ಆತ ಒಬ್ಬರೇ.

"ಹೊರಗಿಂದ ಬೀಗ ಹಾಕ್ಕೊಂಡು ಹೋಗ್ಬಹುದಲ್ವಾ?" ಅಂದೆ.

"ಹಾಕಿದ್ದೆ. ಬಾಗ್ಲು ಗುದ್ದಿ ಗುದ್ದಿ ಕೈಯೆಲ್ಲ ರಕ್ತ ಮಾಡ್ಕೊಂಡಿದ್ರು. ಡ್ಯೂಟಿಗೆ ಲೇಟಾಯ್ತು, ಬುಡ್ರೋ ಅಂತ ಕೂಗ್ತಿದ್ರಂತೆ. ಇನ್ನೊಂದ್ ಸಲ ಬೀಗ ಮುಟ್ಟಕ್ಕೂ ಮನಸ್ಸು ಬರ್ನಿಲ್ಲ."

ಮುಂದಿನ ವಾರ ಸಾಮಾನು ಕಟ್ಟಿಕೊಂಡು ಹೋದೆ. ಈ ಕೆಲಸದಲ್ಲಿ ಎರಡು ವಸ್ತು ಮುಖ್ಯ. ಒಂದು ಪ್ಯಾನೆಲ್, ಗೋಡೆಗೆ ಬಡಿಯುವ ಡಬ್ಬಿ. ಬಾಗಿಲಿಗೆ ಅಂಟಿಸಿದ ಅಯಸ್ಕಾಂತದ ತುಂಡು ಸರಿದ ಕೂಡಲೇ ಬಾಗಿಲು ತೆಗೆಯಿತು ಅನ್ನುವುದು ಅದಕ್ಕೆ ಗೊತ್ತಾಗುತ್ತದೆ. ಆದರೆ ಅದಕ್ಕೆ ಬಾಯಿಲ್ಲ. ಬಾಯಿ ಅಂದರೆ ಕಮ್ಯುನಿಕೇಟರ್, ಸಿಮ್ ಹಾಕುವ ಇನ್ನೊಂದು ಪುಟ್ಟ ಪೆಟ್ಟಿಗೆ. ನಾವು ಕೊಟ್ಟ ನಂಬರುಗಳಿಗೆ ಫೋನ್ ಮಾಡುವುದು ಅದು. ಪ್ಯಾನೆಲ್ ಯಾವುದಾದರೂ ನಡೆಯುತ್ತದೆ. ಕಮ್ಯುನಿಕೇಟರ್ ಮಾತ್ರ ನೋಡಿ ಆರಿಸಬೇಕು. ಹಿಂದೆ ಎಲ್ಲ ಲ್ಯಾಂಡ್‌ಲೈನಿಗೇ ಜೋಡಿಸುತ್ತಿದ್ದೆವು, ಈಗ ಅದು ಎಲ್ಲೂ ಇಲ್ಲ. ಅವತ್ತು ನನ್ನ ಚೀಲದಲ್ಲಿ ಎರಡು ಇದ್ದವು. ಒಂದು ಹಳೇ 2ಜಿ ನೆಟ್‌ವರ್ಕಿನದು, ಇನ್ನೊಂದು 4ಜಿಯದು.

ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಆತ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಎತ್ತರದ ಆಳು, ನುಣ್ಣಗೆ ಕ್ಷೌರ ಮಾಡಿಸಿದ್ದ ಮುಖ. ನನ್ನನ್ನು ಕಂಡಕ್ಟರ್ ಅಂದುಕೊಂಡರೋ ಏನೋ, "ಬಸ್ಸು ವಚ್ಚಿಂದಾ?" ಅಂತ ತೆಲುಗಿನಲ್ಲಿ ಕೇಳಿದರು. ಬಸ್ಸು ಬಂತಾ ಅಂತ. ಆ ಕಡೆ ಮನೆಮಾತು ಅರ್ಧ ತೆಲುಗೇ. ನಾನೂ "ಇಂಕಾ ಲೇದು", ಇನ್ನೂ ಇಲ್ಲ ಅಂದೆ. ಸಮಾಧಾನವಾಗಿ ತಲೆ ಆಡಿಸಿದರು.

ಫೋನ್ ಹಿಡಿದುಕೊಂಡು ಮನೆಯಲ್ಲೆಲ್ಲ ಓಡಾಡಿ ಸಿಗ್ನಲ್ ನೋಡಿದೆ. 2ಜಿ ತುಂಬಿ ಬರುತ್ತಿತ್ತು. 4ಜಿ ಒಳಗೆ ಬಂದರೆ ಒಂದೇ ಕಡ್ಡಿ, ಮಾಳಿಗೆ ಹತ್ತಿದರೆ ಮೂರು. ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ, ಗೋಡೆ ಕೊರೆದು ವೈರ್ ಇಳಿಸಿದ್ದರೆ 4ಜಿ ಚೆನ್ನಾಗಿಯೇ ನಡೆಯುತ್ತಿತ್ತು. ಆಂಟೆನಾ ಅಂಗಡಿಯಲ್ಲಿತ್ತು. ಇನ್ನೊಂದು ದಿನ ಅಷ್ಟು ದೂರ ಬರಬೇಕಾಗಿತ್ತು.

"ಯಾವ್ದು ಹಾಕುದ್ರೆ ಗ್ಯಾರಂಟಿ ಫೋನ್ ಬತ್ತೈತಣ್ಣಾ?" ಟೀಚರು ಕೇಳಿದರು.

"ನಿಮ್ಮೂರಿಗೆ ಇದೇ ಸರಿ. ಸಿಗ್ನಲ್ ಫುಲ್ ಇದೆ," ಅಂತ 2ಜಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡೆ.

ಹಳೇ ನೆಟ್‌ವರ್ಕನ್ನು ಒಂದೊಂದೇ ಕಡೆ ನಿಲ್ಲಿಸುತ್ತ ಬರುತ್ತಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ಪಾವಗಡದಾಚೆಗೆ ಅದು ಬರಲು ಇನ್ನೂ ವರ್ಷಗಳು ಬೇಕು ಅಂದುಕೊಂಡೆ. ಬಂದಾಗ ಬದಲಾಯಿಸಿದರಾಯಿತು ಅಂದುಕೊಂಡೆ. ಸೈರನ್ ಜೋಡಿಸಲಿಲ್ಲ, ಆ ಸದ್ದಿಗೆ ಆತ ಹೆದರಬಾರದು ಅಂತ. ಮೊದಲ ನಂಬರು ಟೀಚರದು. ಎರಡನೆಯದು ಪಕ್ಕದ ಮನೆಯಲ್ಲಿ ಕುರಿ ಸಾಕಿಕೊಂಡಿದ್ದವರದು.

ಮೊದಲ ಕೆಲವು ತಿಂಗಳು ಅದು ಹೇಳಿದ ಹಾಗೆ ಕೆಲಸ ಮಾಡಿತು. ಒಂದು ಬೆಳಿಗ್ಗೆ ಟೀಚರೇ ಫೋನ್ ಮಾಡಿದರು, ದನಿಯಲ್ಲಿ ನಗುವಿತ್ತು. "ಅಣ್ಣಾ, ನಿಮ್ ಪೆಟ್ಗೆ ಮಾತಾಡ್ತು ಕಣಣ್ಣಾ. ಮಕ್ಳಿಗೆ ಗಂಜಿ ಬಡಿಸ್ತಿದ್ದೆ, ಫೋನ್ ಬಂತು. ಓಡೋಗಿ ನೋಡುದ್ರೆ ಬಸ್ ಸ್ಟಾಪಲ್ಲಿ ನಿಂತ್ಕೊಂಡು ಜನಕ್ಕೆಲ್ಲ ಟೈಮ್ ಹೇಳ್ತಾವ್ರೆ!" ಆಮೇಲೂ ಮೂರು ನಾಲ್ಕು ಸಲ ಹಾಗೆ ಆಯಿತಂತೆ. ಪ್ರತಿ ಸಲವೂ ಆಕೆ ಹೋಗಿ ಕೈ ಹಿಡಿದು ಕರೆದುಕೊಂಡು ಬಂದರು. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು. ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ.

ಅದು ಬೇಸಿಗೆ. ನಾನು ಶಿರಾದ ಒಂದು ಚಿನ್ನದಂಗಡಿಯಲ್ಲಿ ಏಣಿ ಹತ್ತಿ ಕ್ಯಾಮೆರಾ ಕೂರಿಸುತ್ತಿದ್ದೆ. ಕೆಳಗೆ ಮಾಲೀಕರು, ಜಲ್ದಿ ಮಾಡಿ ಸಾಬ್, ಗಿರಾಕಿ ಬರೋ ಹೊತ್ತು ಅಂತ ಅವಸರ ಮಾಡುತ್ತಿದ್ದರು. ಆಗ ಟೀಚರ ಫೋನು.

"ಅಣ್ಣಾ, ಪೆಟ್ಗೇಲಿ ಹಳದಿ ಲೈಟ್ ಉರೀತೈತೆ. ಕುಂಯ್ ಕುಂಯ್ ಅಂತ ಬಡ್ಕೊಂತೈತೆ. ಇವ್ರು ಎದ್ದೆದ್ದು ಅದ್ನೇ ನೋಡ್ತವ್ರೆ, ಊಟಾನೂ ಮಾಡ್ತಿಲ್ಲ."

ಹಳದಿ ದೀಪ ಅಂದರೆ ಎಲ್ಲೋ ತೊಂದರೆ ಇದೆ ಅಂತ. ಬ್ಯಾಟರಿ ಇಳಿದಿರಬಹುದು, ಕರೆಂಟ್ ಹೋಗಿ ಬಂದಿರಬಹುದು, ಸಿಗ್ನಲ್ ಸಿಗದೆ ಇರಬಹುದು. ಯಾವುದು ಅಂತ ತಿಳಿಯಬೇಕಾದರೆ ಇನ್ನೂ ಎರಡು ಗುಂಡಿ ಒತ್ತಿಸಿ, ಅಲ್ಲಿ ಬರುವ ಅಂಕಿ ಓದಿಸಬೇಕಿತ್ತು. ಎರಡು ನಿಮಿಷದ ಕೆಲಸ. ನಾನು ಏಣಿಯ ಮೇಲಿದ್ದೆ, ಬಾಯಲ್ಲಿ ಸ್ಕ್ರೂ ಇತ್ತು.

"ಏನಿಲ್ಲ ಟೀಚರ್. ಎಡಗಡೆ ಕೆಳಗಿನ ಗುಂಡಿ ಎರಡ್ ಸಲ ಒತ್ತಿ, ಸದ್ದು ನಿಲ್ಲುತ್ತೆ. ಸೋಮವಾರ ನಾನೇ ಬರ್ತೀನಿ."

"ನಿಂತೋಯ್ತು," ಅಂದರು ಆಕೆ. "ಉಸುರು ಬಂದಂಗಾಯ್ತು. ಬುಡಿ ಅಣ್ಣಾ, ನಿಧಾನಕ್ಕೆ ಬನ್ನಿ."

ಸೋಮವಾರ ಕೊರಟಗೆರೆಯಲ್ಲಿ ಬೇರೆ ಕೆಲಸ ಬಂತು. ಮಂಗಳವಾರವೂ ಅದೇ ಆಯಿತು. ಬುಧವಾರ ಅವರ ನೆನಪು ನನಗೆ ಬಂತೇ ಇಲ್ಲವೇ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಬಂದಿರಲಿಲ್ಲ ಅಂತಲೇ ಕಾಣುತ್ತದೆ.

ಗುರುವಾರ ಸಂಜೆ ನಾಲ್ಕಕ್ಕೆ ಟೀಚರು ಮನೆಗೆ ಬಂದಾಗ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಯಾರೂ ಇರಲಿಲ್ಲ. ಅವತ್ತು ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತಂತೆ, ಬೆಳಿಗ್ಗೆಯೇ ತಟ್ಟೆಯಲ್ಲಿ ಊಟ ಮುಚ್ಚಿಟ್ಟು ಹೋಗಿದ್ದರು. ಫೋನು ಪಕ್ಕದಲ್ಲೇ ಇತ್ತು, ಒಂದು ಸಲವೂ ಬಡಿದುಕೊಂಡಿರಲಿಲ್ಲ. ಫೋನು ಬರಲಿಲ್ಲ ಅಂದ ಮೇಲೆ ಅವರು ಮನೆಯಲ್ಲೇ ಇದ್ದಾರೆ ಅನ್ನುವ ಧೈರ್ಯದಲ್ಲಿದ್ದರು.

ಇಡೀ ಊರೇ ಹುಡುಕಿತು. ಬಸ್ ಸ್ಟಾಪು, ಹೊಲ, ಬಾವಿ, ನಾಗಲಮಡಿಕೆಯ ಗುಡಿಯವರೆಗೂ ಬೈಕಿನಲ್ಲಿ ಹೋಗಿ ಬಂದರು. ಶುಕ್ರವಾರ ಮಧ್ಯಾಹ್ನ, ಊರಾಚೆಯ ಹೊಲಗಳಲ್ಲೆಲ್ಲ ಹರಡಿಕೊಂಡಿರುವ ಸೋಲಾರ್ ಪಾರ್ಕಿನ ಕಾವಲಿನವರ ಕಣ್ಣಿಗೆ ಆತ ಬಿದ್ದರು. ಬೇಲಿ ಹರಿದಿದ್ದ ಒಂದು ಕಡೆ ನುಸುಳಿ ಒಳಗೆ ಹೋಗಿದ್ದಾರೆ. ಪ್ಲೇಟುಗಳ ಸಾಲಿನ ನಡುವೆ ಒಂದು ಕಂಬಕ್ಕೆ ಒರಗಿ ಕೂತಿದ್ದರು. ಕೂತ ಹಾಗೇ ಜೀವ ಹೋಗಿತ್ತು. ಬಿಸಿಲಿನ ಹೊಡೆತ ಅಂದರು ಡಾಕ್ಟರು.

ಇದನ್ನೆಲ್ಲ ನನಗೆ ಫೋನ್ ಮಾಡಿ ಹೇಳಿದವರು ಪಕ್ಕದ ಮನೆಯ ಕುರಿಯವರು. "ಆ ಕಡೆ ಮುಂಚೆ ಒಂದ್ ರಸ್ತೆ ಇತ್ತು ಸಾಮಿ. ಹುಣಿಸೆ ಮರ, ಕಟ್ಟೆ ಎಲ್ಲ ಇತ್ತು. ಅಲ್ಲೇ ಬಸ್ ನಿಲ್ಲಿಸ್ತಿದ್ರು ಆಯಪ್ಪ. ಈಗ ಎತ್ಲಾಗ್ ನೋಡುದ್ರೂ ಒಂದೇ ತರ. ನಮ್ಗೇ ದಿಕ್ಕು ತಪ್ತೈತೆ, ಇನ್ನು ಅವ್ರಿಗೆ?" ಆಮೇಲೆ ಅಂದರು, "ನಂಗೂ ಫೋನ್ ಬರ್ನಿಲ್ಲ ಸಾಮಿ. ಕುರಿ ಹಿಂದೆ ಅಲ್ಲೇ ಸುತ್ತಾಡ್ತಿದ್ದೆ."

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಹೋದೆ. ಅಷ್ಟರಲ್ಲಿ ವಿಚಾರಿಸಿದ್ದೆ. ಆ ಭಾಗದ ಟವರಿನಲ್ಲಿ ಹೊಸ ಸಾಮಾನು ಹಾಕಿ, ಹಳೇ ನೆಟ್‌ವರ್ಕನ್ನು ನಿಲ್ಲಿಸಿದ್ದರು. ಟೀಚರು ನನಗೆ ಫೋನ್ ಮಾಡಿದ ಹಿಂದಿನ ದಿನವೇ ನಿಲ್ಲಿಸಿದ್ದರು. ಜನರ ಕೈಯಲ್ಲಿದ್ದ ಫೋನುಗಳು 4ಜಿಯವು, ಅವಕ್ಕೆ ಏನೂ ಆಗಿರಲಿಲ್ಲ. ಆ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮಿಷಿನ್ ಕೆಟ್ಟಿತ್ತು, ಹಣೆಬರಹ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನೂ ಹೌದು ಅಂದು ಎದ್ದು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ಹಾಗೇ ಮಾಡುವುದು ಅಂದುಕೊಂಡಿದ್ದೆ.

ಟೀಚರು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು ನೀರು ತಂದುಕೊಟ್ಟರು. ಆ ನೀರು ಕುಡಿದ ಮೇಲೆ ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ. ಎರಡು ಪೆಟ್ಟಿಗೆ ತಂದಿದ್ದು, ಸುಲಭ ಅಂತ ಹಳೆಯದನ್ನು ಆರಿಸಿದ್ದು, ಹಳದಿ ದೀಪದ ಅರ್ಥ, ನಾನು ಬರುತ್ತೇನೆ ಅಂದು ಬಾರದೆ ಇದ್ದದ್ದು.

ಆಕೆ ಗೋಡೆಯ ಮೇಲಿದ್ದ ಪೆಟ್ಟಿಗೆಯ ಕಡೆ ತಿರುಗಿದರು. ಆಮೇಲೆ, "ಅದ್ರಲ್ಲಿ ಏನಾದ್ರೂ ಬರ್ಕೊಂಡಿರ್ತೈತಾ?" ಅಂದರು.

ಬರೆದುಕೊಂಡಿರುತ್ತದೆ. ಯಾವ ಬಾಗಿಲು ಯಾವಾಗ ತೆಗೆಯಿತು, ಯಾವಾಗ ಮುಚ್ಚಿತು, ಫೋನ್ ಹೋಯಿತೇ ಇಲ್ಲವೇ, ಎಲ್ಲವನ್ನೂ ಪ್ಯಾನೆಲ್ ಒಳಗೇ ಇಟ್ಟುಕೊಂಡಿರುತ್ತದೆ. ಗುರುವಾರದ್ದನ್ನು ತೆಗೆದು ಓದಿ ಹೇಳಿದೆ. ಹನ್ನೊಂದೂಕಾಲಿಗೆ ಬಾಗಿಲು ತೆಗೆದಿದೆ. ಟೀಚರಿಗೆ ಫೋನ್, ಹೋಗಿಲ್ಲ. ಕುರಿಯವರಿಗೆ ಫೋನ್, ಹೋಗಿಲ್ಲ. ಹೀಗೇ ಒಬ್ಬೊಬ್ಬರಿಗೂ ಮೂರು ಮೂರು ಸಲ, ಒಂದೂ ಹೋಗಿಲ್ಲ. ಒಂದು ನಿಮಿಷದ ಮೇಲೆ ಬಾಗಿಲು ಮುಚ್ಚಿದೆ. ಅಲ್ಲಿಗೆ ನಿಲ್ಲಿಸಬೇಕು ಅಂದುಕೊಂಡೆ, ಕೆಳಗೆ ಇನ್ನೂ ಸಾಲುಗಳಿದ್ದವು.

"ಓದಿ ಅಣ್ಣಾ."

ಹನ್ನೆರಡೂ ಐದಕ್ಕೆ ಮತ್ತೆ ಬಾಗಿಲು ತೆಗೆದು ಮುಚ್ಚಿದೆ. ಹನ್ನೆರಡೂವರೆಗೆ ಇನ್ನೊಂದು ಸಲ ತೆಗೆದು ಮುಚ್ಚಿದೆ. ಆಮೇಲೆ ಸಂಜೆ ನಾಲ್ಕರವರೆಗೆ ಏನೂ ಇಲ್ಲ. ಒಟ್ಟು ಹದಿನೆಂಟು ಸಲ ಫೋನ್ ಮಾಡಲು ನೋಡಿದೆ, ಹದಿನೆಂಟೂ ಹೋಗಿಲ್ಲ.

"ಅಂದ್ರೆ," ಟೀಚರು ಕೇಳಿದರು, "ಒಂದ್ಸಲ ಹೋದವ್ರು ತಿರ್ಗ ಮನೆಗ್ ಬಂದಿದ್ರಾ?"

"ಹಾಗೇ ಕಾಣುತ್ತೆ."

"ಬಂದು ಅರ್ಧ ಗಂಟೆ ಒಳ್ಗೇ ಇದ್ರಾ?"

"ಹನ್ನೆರಡೂ ಐದರಿಂದ ಹನ್ನೆರಡೂವರೆವರೆಗೆ," ಅಂದೆ.

"ನನ್ನ ಕಾದವ್ರೆ," ಅಂದರು ಆಕೆ. "ಹನ್ನೆರಡೂವರೆಗೇ ನಾನ್ ಊಟಕ್ಕೆ ಬಡಿಸೋದು."

ಆಗ ಅತ್ತರು. ಆತ ಹೋದಾಗಿನಿಂದ ಜನರ ಮುಂದೆ ಅತ್ತಿರಲಿಲ್ಲ ಅಂತ ಆಮೇಲೆ ಕುರಿಯವರು ಹೇಳಿದರು. ನನಗೆ ಕೂರಲೂ ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಕೈ ಮುಗಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು, "ನೀವ್ ಒತ್ತಿ ಅಂದ್ರಿ, ನಾನ್ ಒತ್ತಿದೆ. ಸದ್ದು ನಿಂತಿದ್ಕೆ ನಂಗೂ ಸಂತೋಷ ಆಗಿತ್ತು. ಈಗ ಯಾರ್ನ ಬಯ್ಲಿ? ಅದ್ನ ಬಿಚ್ಕೊಂಡು ಹೋಗ್ಬುಡಿ ಅಣ್ಣಾ. ಇನ್ನು ಬರ್ಬೇಡಿ. ನಿಮ್ ಮುಖ ನೋಡುದ್ರೆ ಅದೇ ಗ್ಯಾಪ್ಕ ಬತ್ತೈತೆ."

ಬಿಚ್ಚಿದೆ. ಗೋಡೆಯಲ್ಲಿ ನಾಲ್ಕು ತೂತು ಉಳಿದವು. ಮುಚ್ಚಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವರು ಹೇಳಿದ ಹಾಗೆ ಮತ್ತೆ ಹೋಗಲಿಲ್ಲ. ಆ ತಿಂಗಳೆಲ್ಲ ನಾನು ಹಳೇ ಪೆಟ್ಟಿಗೆ ಹಾಕಿದ್ದ ಮನೆಗಳಿಗೆ ತಿರುಗಿ, ಕರೆಯದಿದ್ದರೂ ಹೋಗಿ ಬದಲಾಯಿಸಿ ಬಂದೆ. ಗೌಡಗೆರೆಯ ಒಬ್ಬರು, "ಚೆನ್ನಾಗೇ ಐತಲ್ಲ ಸಾರ್, ಯಾಕ್ ಬಿಚ್ತಿದೀರಾ?" ಅಂತ ಕೇಳಿದರು. ನೆಟ್‌ವರ್ಕ್ ಬದಲಾಗುತ್ತೆ ಅಂದೆ. ಅದಕ್ಕಿಂತ ಹೆಚ್ಚು ಯಾರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಈಗ ಪ್ಯಾನೆಲ್ ಕೂರಿಸಿದ ಕಡೆಯೆಲ್ಲ ಕೊನೆಯಲ್ಲಿ ನನ್ನ ನಂಬರನ್ನೂ ಹಾಕಿ ಬರುತ್ತೇನೆ. ಬೆಕ್ಕು ಹಾರಿದರೆ, ಕಿಟಕಿ ಗಾಳಿಗೆ ಬಡಿದುಕೊಂಡರೆ ನನಗೂ ಫೋನ್ ಬರುತ್ತದೆ. ಯಾರಾದರೂ ಹಳದಿ ದೀಪ ಅಂದರೆ ಅವತ್ತೇ ಹೋಗುತ್ತೇನೆ. ಬಹಳ ಸಲ ಬ್ಯಾಟರಿಯ ತೊಂದರೆ ಅಷ್ಟೇ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಷ್ಟಕ್ಕೆ ಅಷ್ಟು ದೂರದಿಂದ ಬಂದ್ರಾ ಅಂತ ಜನ ನಗುತ್ತಾರೆ, ಕಾಫಿ ಕೊಡುತ್ತಾರೆ. ಕುಡಿದು ಬರುತ್ತೇನೆ.